ಹಳೆಯ ಹಚ್ಚೆಯನ್ನು ಅಳಿಸಬಹುದೇ?

ಪ್ರಶ್ನೆ: ಹತ್ತು ವರ್ಷಗಳ ಹಿಂದೆ, ಎಲ್ಲರೂ ಹಾಕಿಸಿಕೊಳ್ಳುತ್ತಿದ್ದ ಕಾಲದಲ್ಲಿ, ತೋಳಿನ ಸುತ್ತ ಕಪ್ಪು ಮತ್ತು ಹಸಿರು ಬಣ್ಣದ ಹಚ್ಚೆ ಹಾಕಿಸಿಕೊಂಡೆ. ಈಗ ಅದು ಬೇಡವಾಗಿದೆ. ಕ್ರೀಮ್ ಸಾಕೇ, ಲೇಸರ್ ಬೇಕೇ?

ಉತ್ತರ: ಕ್ರೀಮನ್ನು ದಯವಿಟ್ಟು ನಂಬಬೇಡಿ. ಹಚ್ಚೆಯ ಶಾಯಿ ಚರ್ಮದ ಮೇಲ್ಪದರದಲ್ಲಿಲ್ಲ, ಅದರ ಕೆಳಗಿನ ಒಳಪದರದಲ್ಲಿದೆ. ಅಲ್ಲಿಗೆ ಮುಟ್ಟದ ಕ್ರೀಮ್ ವ್ಯರ್ಥ, ಮುಟ್ಟುವಷ್ಟು ತೀಕ್ಷ್ಣವಾದ ಆಮ್ಲ ಚರ್ಮವನ್ನೇ ಸುಟ್ಟು ಕಲೆ ಉಳಿಸುತ್ತದೆ. ಲೇಸರ್ ಕಿರಣವು ಅತ್ಯಲ್ಪ ಕಾಲದ ಮಿಡಿತಗಳಲ್ಲಿ ಶಾಯಿಯ ಕಣಗಳನ್ನು ಪುಡಿಮಾಡುತ್ತದೆ, ಆ ಪುಡಿಯನ್ನು ದೇಹದ ರಕ್ಷಣಾ ಕೋಶಗಳು ನಿಧಾನವಾಗಿ ಸಾಗಿಸುತ್ತವೆ. ಹಚ್ಚೆ ಮಾಸುವುದು ಈ ಸಾಗಾಟದಿಂದಲೇ ಆದ್ದರಿಂದ ಎರಡು ಸರದಿಗಳ ನಡುವೆ ಸಾಮಾನ್ಯವಾಗಿ 6ರಿಂದ 8 ವಾರಗಳ ಅಂತರ ಬೇಕು. ಅವಸರಪಡಿಸುವವರ ಬಳಿ ಹೋಗದಿರುವುದೇ ಒಳಿತು. ಹಲವು ಸರದಿಗಳಾಗಿ, ವರ್ಷವೇ ಹಿಡಿಯಬಹುದು. ಕಪ್ಪು ಬಣ್ಣ ಎಲ್ಲ ತರಂಗಾಂತರಗಳನ್ನೂ ಹೀರುವುದರಿಂದ ಬೇಗ ಮಾಸುತ್ತದೆ, ಹಸಿರು ಹಟಮಾರಿ, ಅದಕ್ಕೆ ಬೇರೆಯೇ ತರಂಗಾಂತರದ ಲೇಸರ್ ಬೇಕಾಗುತ್ತದೆ. ನಿಮ್ಮ ಮೈಬಣ್ಣ ಗಾಢವಾಗಿದ್ದರೆ 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಹೆಚ್ಚು ಸುರಕ್ಷಿತ. ಆದರೆ ಅದು ಹಸಿರಿನ ಮೇಲೆ ಅಷ್ಟು ಪರಿಣಾಮಕಾರಿಯಲ್ಲ. ಆದ್ದರಿಂದ ಚರ್ಮರೋಗ ತಜ್ಞರು ಮೊದಲು ಒಂದು ಸಣ್ಣ ಭಾಗದಲ್ಲಿ ಪರೀಕ್ಷಿಸಿ ನೋಡಲಿ. ಚಿಕಿತ್ಸೆಯ ಅವಧಿಯಲ್ಲಿ ತೋಳಿಗೆ ಬಿಸಿಲು ತಾಗಿಸಬೇಡಿ. ಕೊನೆಗೂ ಮಸುಕಾದ ನೆರಳೊಂದು ಉಳಿಯುವ ಸಾಧ್ಯತೆಯಿದೆ.