ಮಾಲು ಬೇಡ, ದುಡ್ಡು ವಾಪಸ್ ಕೇಳಿ

ಪೂರ್ತಿ ಹಣ ಕಟ್ಟಿಸಿಕೊಂಡ ಅಂಗಡಿಯವನು ವಾರ್ಡ್‌ರೋಬ್ ಕಳಿಸದೆ ಇವತ್ತು ನಾಳೆ ಅಂತಿದ್ದಾನೆ, ಪೊಲೀಸರಿಗೆ ಹೇಳಿದರೆ ಬೇಗ ಡೆಲಿವರಿ ಮಾಡಿಸ್ತಾರಾ, ಲಾಯರ್ ಹಿಡಿದರೆ ಖರ್ಚು ಗಿಟ್ಟುತ್ತಾ ಅಂತ ಕೇಳಿದ್ದೀರಿ. ಇದೇ ಎರಡು ಪ್ರಶ್ನೆ ಹಿಡಿದುಕೊಂಡು ನಾನೂ ಊರೆಲ್ಲ ಅಲೆದಿದ್ದೇನೆ.

ನಮ್ಮದು ಶಿವಮೊಗ್ಗ. ಲಗ್ನಪತ್ರಿಕೆ, ಬಿಲ್ ಬುಕ್ ಅಚ್ಚು ಹಾಕುವ ಸಣ್ಣ ಪ್ರೆಸ್ಸು. 2021ರಲ್ಲಿ ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಸೋಫಾ, ಮಂಚ ಬೇಕಿತ್ತು. ಒಂದು ಫರ್ನಿಚರ್ ಅಂಗಡಿಯಲ್ಲಿ ದಸರಾ ಆಫರ್ ಇತ್ತು: ಪೂರ್ತಿ ದುಡ್ಡು ಮೊದಲೇ ಕಟ್ಟಿದರೆ ಹಾಸಿಗೆ ಫ್ರೀ. 84,000 ರೂಪಾಯಿ ಕಟ್ಟಿದೆ. ಫ್ರೀ ಹಾಸಿಗೆ ಮಾತ್ರ ಬಂತು. ಪಾಲಿಶ್ ಆಗ್ತಿದೆ, ಕಾರ್ಪೆಂಟರ್ ಊರಿಗೆ ಹೋಗಿದ್ದಾನೆ, ಗಾಡಿ ಹುಬ್ಬಳ್ಳಿ ಬಿಟ್ಟಿದೆ... ಆ ಗಾಡಿ ಇನ್ನೂ ಹಾವೇರಿ ದಾಟಿಲ್ಲ ಅಂತ ಕಾಣುತ್ತೆ. ಗೃಹಪ್ರವೇಶಕ್ಕೆ ಬಂದ ನೆಂಟರನ್ನೆಲ್ಲ ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು.

ಪೊಲೀಸ್ ಠಾಣೆಗೆ ಹೋದೆ. "ಇದು ಸಿವಿಲ್ ಮ್ಯಾಟರ್ ಸ್ವಾಮಿ" ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ತಪ್ಪಲ್ಲ. ವಂಚನೆ ಅನ್ನಿಸಿಕೊಳ್ಳಬೇಕಾದರೆ ದುಡ್ಡು ಇಸಿದುಕೊಳ್ಳುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಅವನು ಷಟರ್ ಎಳೆದು ಪರಾರಿಯಾಗಿದ್ದರೆ, ನಿಮ್ಮ ಹಾಗೆ ಹತ್ತಾರು ಜನ ಹಣ ಕಳೆದುಕೊಂಡಿದ್ದರೆ, ಠಾಣೆಗೆ ಹೋಗಿ. ಬೆಳಿಗ್ಗೆ ಅಂಗಡಿ ತೆಗೆದು ಊದುಬತ್ತಿ ಹಚ್ಚಿ ಗಲ್ಲಾದ ಮೇಲೆ ಕೂತಿರುವವನಿಗೆ ಅದರಿಂದ ಏನೂ ಆಗಲ್ಲ.

ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ಲಾಯರ್ ಇಡಲಿಲ್ಲ, ಇಡಲೇಬೇಕು ಅಂತ ಕಾಯ್ದೆಯಲ್ಲೂ ಇಲ್ಲ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅಲ್ಲಿವರೆಗೆ ಎಲ್ಲ ಸಲೀಸು. ಆಮೇಲೆ ಎದುರು ಪಾರ್ಟಿಯ ವಕೀಲರು ನನ್ನದೇ ಬಿಲ್ಲನ್ನು ಎತ್ತಿ ಹಿಡಿದರು: "ಇವರು ಗ್ರಾಹಕರೇ ಅಲ್ಲ."

ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಯಾಕೆಂದರೆ ನನ್ನನ್ನು ಮುಳುಗಿಸಿದ್ದು ಇದೊಂದೇ. ಬಿಲ್ ಬರೆಯುವಾಗ ಕೌಂಟರಿನ ಹುಡುಗ "ಜಿಎಸ್‌ಟಿ ನಂಬರ್ ಇದೆಯಾ ಸಾರ್? ಹಾಕಿದರೆ ಇನ್‌ಪುಟ್ ಸಿಗುತ್ತೆ" ಅಂದ. ಇನ್‌ಪುಟ್ ಅಂದರೆ ವ್ಯಾಪಾರಕ್ಕೆ ಕೊಂಡ ಮಾಲಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ನಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು. ನನಗೆ ಒಳಗೊಳಗೇ ಖುಷಿ. 84,000ದಲ್ಲಿ 18% ತೆರಿಗೆಯ ಪಾಲು ಅಂದರೆ ಹತ್ತಿರತ್ತಿರ 12,800. ಪ್ರೆಸ್ಸಿನ ಹೆಸರಲ್ಲಿ ಬಿಲ್ ಮಾಡಿಸಿದೆ, ಆ ತಿಂಗಳ ರಿಟರ್ನಿನಲ್ಲಿ ಇನ್‌ಪುಟ್ಟೂ ತೆಗೆದುಕೊಂಡೆ. ಮನೆಬಳಕೆಯ ವಸ್ತುವಿಗೆ ಇನ್‌ಪುಟ್ ತಗೊಳ್ಳುವ ಹಾಗೇ ಇಲ್ಲ. ಮಾಲು ಕೈಸೇರುವ ಮೊದಲಂತೂ ಯಾವುದಕ್ಕೂ ಇಲ್ಲ. ಎರಡನ್ನೂ ಮಾಡಿದ್ದೆ.

ಈಗ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ತೆಗೆದು ನೋಡಿ. ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡವನು ಗ್ರಾಹಕನಲ್ಲ ಅಂತ ಅದರಲ್ಲಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಸರಕಿಗೆ ವಿನಾಯಿತಿ ಇದೆ. ನಾನು ಕೊಂಡದ್ದು ಪೇಪರ್ ಕಟಿಂಗ್ ಮಷಿನ್ ಆಗಿದ್ದರೆ ಆ ವಿನಾಯಿತಿ ಕೇಳಬಹುದಿತ್ತು. ಸೋಫಾ ಹಾಕಿಕೊಂಡು ಯಾವ ಹೊಟ್ಟೆಪಾಡು ಅಂತ ಹೇಳಲಿ? ಮನೆಗೆ ಕೊಂಡೆ ಅಂದರೆ ತೆರಿಗೆ ಇಲಾಖೆಗೆ ಸುಳ್ಳು ಲೆಕ್ಕ ಕೊಟ್ಟ ಹಾಗಾಯಿತು. ಪ್ರೆಸ್ಸಿಗೆ ಕೊಂಡೆ ಅಂದರೆ ಆಯೋಗದಲ್ಲಿ ಕೇಸೇ ನಿಲ್ಲುವುದಿಲ್ಲ. ವಾಣಿಜ್ಯ ಉದ್ದೇಶ ಇತ್ತು ಅಂತ ಸಾಬೀತು ಮಾಡುವ ಹೊಣೆ ಎದುರು ಪಾರ್ಟಿಯದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ನನ್ನದು ಅದಕ್ಕೂ ಮುಂಚಿನ ಕತೆ. ಅದೂ ಅಲ್ಲದೆ ಅವರಿಗೆ ಬೇಕಾದ ಸಾಕ್ಷಿಯನ್ನು ನಾನೇ ಸಹಿ ಹಾಕಿ ಕೊಟ್ಟಾಗಿತ್ತು.

ಕೊನೆಗೆ ಮಧ್ಯಸ್ಥಿಕೆಗೆ ಒಪ್ಪಿದೆ. ಅಸಲು ಮೂರು ಚೆಕ್ಕಿನಲ್ಲಿ ಬಂತು. ಬಡ್ಡಿ ಇಲ್ಲ, ಪರಿಹಾರ ಇಲ್ಲ. ಇನ್‌ಪುಟ್ಟನ್ನು ಬಡ್ಡಿ ಸಮೇತ ನನ್ನ ಜೇಬಿನಿಂದ ಕಟ್ಟಿದೆ. ನಮ್ಮ ಆಡಿಟರ್ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಈಗ ನಿಮ್ಮ ವಿಷಯ. ಡೆಲಿವರಿ ಹೇಗೆ ಮಾಡಿಸೋದು ಅಂತ ಕೇಳೋದನ್ನೇ ಬಿಡಿ. ಮಾಲು ಬೇಕು ಅನ್ನುವವರೆಗೆ ಅವನ ಹತ್ತಿರ ಹೊಸ ನೆಪ ಇದ್ದೇ ಇರುತ್ತೆ, ದುಡ್ಡು ವಾಪಸ್ ಕೊಡು ಅಂದಾಗ ನೆಪಕ್ಕೆ ಜಾಗ ಕಮ್ಮಿ. ಅಷ್ಟು ಸತಾಯಿಸಿದವನು ತಂದು ಹಾಕುವ ವಾರ್ಡ್‌ರೋಬಿನ ಬಾಗಿಲು ನೆಟ್ಟಗೆ ಮುಚ್ಚುತ್ತೆ ಅಂತ ನನಗಂತೂ ನಂಬಿಕೆ ಇಲ್ಲ. ಒಂದು ಹಾಳೆಯಲ್ಲಿ ಹಣ ಕಟ್ಟಿದ ದಿನ, ಮೊತ್ತ, ಅವನು ಹೇಳಿದ ಡೆಲಿವರಿ ದಿನ ಬರೆದು, 15 ದಿನದೊಳಗೆ ಪೂರ್ತಿ ಹಣ ವಾಪಸ್ ಮಾಡು ಅಂತ ಸ್ಪೀಡ್ ಪೋಸ್ಟ್ ಮಾಡಿ. (ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ.) ಫೋನಿನಲ್ಲಿ ಮಾತಾಡಿದ್ದನ್ನು ಅವತ್ತೇ ವಾಟ್ಸಾಪಿನಲ್ಲಿ ಅವನಿಗೇ ಬರೆದು ಕಳಿಸಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ದೊಡ್ಡ ಕಂಪನಿಗಳು ಅದಕ್ಕೆ ಸ್ಪಂದಿಸುತ್ತವೆ. ಆದರೆ ಸಹಾಯವಾಣಿಯವರಿಗೆ ಆದೇಶ ಮಾಡುವ ಅಧಿಕಾರ ಇಲ್ಲ, ಊರಿನ ಅಂಗಡಿಯವನು ಸೊಪ್ಪು ಹಾಕದೆ ಇರಬಹುದು. ಅದನ್ನೇ ಕಾಯುತ್ತಾ ಕೂರಬೇಡಿ.

ನಿಮ್ಮ ಅಂಗಡಿ ಬೆಂಗಳೂರಿನದು, ನೀವಿರುವುದು ಹಾಸನ. 2019ರ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಗ್ರಾಹಕರ ಆಯೋಗಗಳ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಆಗುತ್ತೆ. ವಿಚಾರಣೆಗೆ ಅವನೇ ನಿಮ್ಮೂರಿನ ಆಯೋಗಕ್ಕೆ ಬರಲಿ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ. ನೋಟಿಸ್ ತಲುಪಿದ 30 ದಿನದಲ್ಲಿ ಅವನು ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದರಾಚೆ ಸಮಯ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2020ರಲ್ಲಿ ಹೇಳಿದೆ. ಮೂರು ತಿಂಗಳಲ್ಲಿ ತೀರ್ಪು ಅಂತ ಕಾಯ್ದೆಯಲ್ಲಿ ಬರೆದಿರುವುದನ್ನು ಮಾತ್ರ ನಂಬಿಕೊಳ್ಳಬೇಡಿ. ಆದೇಶ ಬಂದ ಮೇಲೂ ಅವನು ಕೊಡದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25,000 ದಂಡ, ಇಲ್ಲವೇ ಎರಡೂ. ಬಹಳ ಮಂದಿ ಆ ಹಂತ ಬರುವ ಮೊದಲೇ ಕೊಟ್ಟುಬಿಡುತ್ತಾರೆ.

ವಾರ್ಡ್‌ರೋಬ್ ಅರ್ಜೆಂಟಾಗಿ ಬೇಕು ಅಂದಿದ್ದೀರಿ. ನೋಟಿಸಿನ ಗಡುವು ಮುಗಿದ ಮೇಲೆ ಅದೇ ಅಳತೆಯದನ್ನು ಬೇರೆ ಅಂಗಡಿಯಲ್ಲಿ ನಿಮ್ಮ ಸ್ವಂತ ಹೆಸರಿನ ಬಿಲ್ಲಿನಲ್ಲಿ ಕೊಂಡುಬಿಡಿ. ಅದಕ್ಕೆ ಹೆಚ್ಚು ಬೆಲೆ ಬಿದ್ದರೆ ಆ ವ್ಯತ್ಯಾಸವನ್ನೂ ದೂರಿನಲ್ಲಿ ಕೇಳಬಹುದು.