ನಂಬಿಕೆಯ ಹೇರ್‌ಡ್ರೆಸರ್ ಹೇಳದೆ ಬೇರೆ ಸಲೂನ್‌ಗೆ ಹೋಗಿಬಿಟ್ಟರು. ಹುಡುಕಿಕೊಂಡು ಹೋಗುವುದು ಸರಿಯೇ, ಇಲ್ಲ ಹಳೆಯ ಸಲೂನ್‌ನಲ್ಲೇ ಬೇರೆಯವರಿಗೆ ತಲೆ ಕೊಡಬೇಕೇ?

ಹುಡುಕಿಕೊಂಡು ಹೋಗಿ. ಅದರಲ್ಲಿ ಮುಜುಗರಪಡುವಂಥದ್ದು ಏನೂ ಇಲ್ಲ.

ನಿಮ್ಮ ಪ್ರಶ್ನೆ ಓದಿದರೆ, ಕೂದಲಿನ ಚಿಂತೆಗಿಂತ ‘ಇಷ್ಟು ವರ್ಷದ ಪರಿಚಯ, ಒಂದು ಮಾತು ಹೇಳಿ ಹೋಗಬಾರದಿತ್ತಾ’ ಅನ್ನುವ ಬೇಜಾರೇ ಜಾಸ್ತಿ ಕಾಣುತ್ತಿದೆ. ನನ್ನ ಹೇರ್‌ಡ್ರೆಸರ್ ಸಲೂನ್ ಬಿಟ್ಟು ಹೋದಾಗ ನನಗೂ ಹಾಗೇ ಆಗಿತ್ತು. ಆದರೆ ಕೆಲಸ ಬಿಟ್ಟು ಹೋಗುವಾಗ ಇಲ್ಲಿನ ಗಿರಾಕಿಗಳನ್ನು ಕರೆಯಬಾರದು ಅಂತ ಎಷ್ಟೋ ಸಲೂನ್‌ಗಳು ಮೊದಲೇ ಬರೆಸಿಕೊಂಡಿರುತ್ತವೆ. ನಿಮ್ಮ ನಂಬರ್ ಇರುವುದೂ ಸಲೂನ್‌ನ ಕಂಪ್ಯೂಟರಿನಲ್ಲಿ, ಅವರ ಫೋನಿನಲ್ಲಲ್ಲ. ಹಾಗಾಗಿ ಅವರ ಮೌನವನ್ನು ತಾತ್ಸಾರ ಅಂದುಕೊಳ್ಳಬೇಡಿ. ಹಾಗೆ ಬರೆದುಕೊಟ್ಟಿದ್ದರೂ ಬರೆದುಕೊಟ್ಟವರು ಅವರು, ನೀವಲ್ಲ. ಎಲ್ಲಿಗೆ ಹೋದರು ಅಂತ ಹಳೆಯ ಸಲೂನ್‌ನ ಕೌಂಟರಿನಲ್ಲಿ ಒಮ್ಮೆ ಕೇಳಿ. ಮಾತು ಹಾರಿಸಿದರೆ ಅಲ್ಲಿಗೇ ಬಿಡಿ, ಪಾಪ ಅವರ ಕೆಲಸವೂ ಉಳಿಯಬೇಕಲ್ಲ. ಈಗ ಹೆಚ್ಚಿನವರು ತಾವು ಮಾಡಿದ ಕಟ್, ಕಲರ್‌ಗಳ ಫೋಟೋಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಲೇ ಇರುತ್ತಾರೆ. ಅಲ್ಲಿ ಸಿಕ್ಕರೆ ಒಂದು ಸಾಲಿನ ಮೆಸೇಜು ಸಾಕು. ‘ಸದ್ಯಕ್ಕೆ ಬೇಡ, ಸ್ವಲ್ಪ ತಿಂಗಳು ಬಿಟ್ಟು ಬನ್ನಿ’ ಅಂದರೆ ಒತ್ತಾಯ ಮಾಡಬೇಡಿ. ಅದಕ್ಕೂ ಇಂಥದ್ದೇ ಕಾರಣ ಇರಬಹುದು.

ಇನ್ನು ನನ್ನ ಅಭಿಪ್ರಾಯ. ಕಟ್‌ಗಾಗಿಯಾದರೆ ದೂರವಾದರೂ ಹೋಗಿ. ಬುಡದ ನರೆ ಮುಚ್ಚುವ ಬಣ್ಣಕ್ಕಾಗಿ ಮಾತ್ರ ಅಷ್ಟು ದೂರ ಅಲೆಯುವ ಅಗತ್ಯವಿಲ್ಲ. ಬಣ್ಣವನ್ನು ಚೀಟಿಯಲ್ಲಿ ಬರೆದುಕೊಡಬಹುದು, ಕತ್ತರಿ ಹಿಡಿಯುವ ಕೈಗುಣವನ್ನು ಬರೆದುಕೊಡಲಾಗುವುದಿಲ್ಲ. (ಬ್ಲೀಚ್ ಮಾಡಿಸುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅದು ನಿಮಿಷ ನಿಮಿಷಕ್ಕೂ ಕಣ್ಣಿಟ್ಟು ಮಾಡುವ ಕೆಲಸ.)

ಕೈಗುಣ ಅಂದರೇನು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಬೇರೆಯವರ ಹತ್ತಿರ ಹೋದಮೇಲೆಯೇ. ನನ್ನ ನೆತ್ತಿಯಲ್ಲಿ ಎರಡು ಸುಳಿ, ಅದರಲ್ಲೂ ಒಂದು ಬಲಕ್ಕೆ ಸುತ್ತಿದರೆ ಇನ್ನೊಂದು ಎಡಕ್ಕೆ. ಹಳಬರು ಕತ್ತರಿ ಹಾಕುವ ಮುಂಚೆ ಆ ಜಾಗದ ಕೂದಲನ್ನು ಬಾಚಿ, ಬಾಚಣಿಗೆ ತೆಗೆದು, ಅದು ತಾನಾಗಿ ಎತ್ತ ಬೀಳುತ್ತದೆ ಅಂತ ಸುಮ್ಮನೆ ನೋಡುತ್ತಿದ್ದರು. ಆಮೇಲೆ ಸುಳಿಯ ಸುತ್ತ ಒಂದು ಬೆರಳಿನಷ್ಟು ಉದ್ದ ಬಿಟ್ಟು ಉಳಿದದ್ದನ್ನು ಕತ್ತರಿಸುತ್ತಿದ್ದರು. ಹೊಸಬರು ಒದ್ದೆ ಕೂದಲನ್ನು ನೀಟಾಗಿ ಎಳೆದು ಎಲ್ಲವನ್ನೂ ಒಂದೇ ಸಮ ಮಾಡಿದರು. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಮನೆಗೆ ಬಂದು ಒಣಗಿದ ಮೇಲೆ ನೋಡಿದರೆ ನೆತ್ತಿಯ ಮೇಲೆ ಗರಿಕೆ ಎದ್ದ ಹಾಗೆ ನಿಂತಿತ್ತು! ಅವರಿಗೆ ಕೆಲಸ ಬರುವುದಿಲ್ಲ ಅಂತಲ್ಲ, ನನ್ನ ತಲೆಯ ಪರಿಚಯ ಇರಲಿಲ್ಲ, ಅಷ್ಟೇ. ಹಳಬರು ಇದನ್ನೆಲ್ಲ ಕೇಳದೆಯೇ ಮಾಡುತ್ತಿದ್ದರು, ಈಗ ನೀವೇ ಬಾಯಿಬಿಟ್ಟು ಹೇಳಬೇಕು. ಸುಳಿ ಎಲ್ಲಿದೆ, ಬೈತಲೆ ಯಾವ ಕಡೆ ನಿಲ್ಲುತ್ತದೆ, ಕತ್ತಿನ ಹತ್ತಿರ ಕೂದಲು ಮೇಲಕ್ಕೆ ಬೆಳೆಯುತ್ತದಾ, ದಿನಾ ಬೆಳಿಗ್ಗೆ ಡ್ರೈಯರ್ ಹಿಡಿಯುತ್ತೀರಾ ಇಲ್ಲ ಹಾಗೇ ಒಣಗಲು ಬಿಡುತ್ತೀರಾ, ಎಲ್ಲವನ್ನೂ.

ಅವರು ಸಿಕ್ಕರೆ ಮೊದಲು ಕೇಳಬೇಕಾದ್ದು ನಿಮ್ಮ ಬಣ್ಣದ ಲೆಕ್ಕ. ಯಾವ ಕಂಪನಿ, ಯಾವ ಶೇಡ್ ನಂಬರ್, ಎರಡು ಶೇಡ್ ಬೆರೆಸುತ್ತಿದ್ದರೆ ಯಾವುದು ಎಷ್ಟು, ಡೆವಲಪರ್ (ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್) ಎಷ್ಟು ವಾಲ್ಯೂಮಿನದು, ಅಂದರೆ ಎಷ್ಟು ಕಡುವಾದದ್ದು, ಎಷ್ಟು ನಿಮಿಷ ಬಿಡುತ್ತಿದ್ದರು ಎಂಬಷ್ಟು. 10 ವಾಲ್ಯೂಮ್ ಅಂದರೆ 3% ಹೈಡ್ರೋಜನ್ ಪೆರಾಕ್ಸೈಡ್, 20 ಅಂದರೆ 6%, 30 ಅಂದರೆ 9%. ಶೇಡ್ ಅದೇ ಇದ್ದರೂ ಡೆವಲಪರ್ ಬದಲಾದರೆ ಬಣ್ಣ ಬೇರೆಯಾಗಿಯೇ ಬರುತ್ತದೆ. ಬರೀ ‘6.3’ ಅಂತ ನೆನಪಿಟ್ಟುಕೊಂಡು ಹೋದರೂ ಸಾಲದು. ಮೊದಲ ಅಂಕೆ ಬಣ್ಣ ಎಷ್ಟು ಗಾಢ ಅನ್ನುವುದನ್ನು ಹೇಳುತ್ತದೆ, ಆದರೆ ಚುಕ್ಕಿಯ ಆಚೆಗಿನ ಅಂಕೆಗೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥವಿಲ್ಲ. ಅವರು ಸಿಗದಿದ್ದರೆ ಹಳೆಯ ಸಲೂನ್‌ನಲ್ಲೇ ನಿಮ್ಮ ಹೆಸರಿನ ಕಾರ್ಡ್ ಇದೆಯಾ ಕೇಳಿ. ಅವರನ್ನೇ ಹಿಂಬಾಲಿಸಿ ಹೋದಾಗಲೂ ಹೊಸ ಜಾಗದಲ್ಲಿ ಬಳಸುವ ಕಂಪನಿ ಬೇರೆ ಇರಬಹುದು. ಹಾಗಿದ್ದರೆ 48 ಗಂಟೆ ಮುಂಚೆ ಚರ್ಮದ ಮೇಲೆ ಒಂದಿಷ್ಟು ಹಚ್ಚಿ ಅಲರ್ಜಿ ಪರೀಕ್ಷೆ ಮಾಡಿಸಿಕೊಳ್ಳಿ. ಪರಿಚಯದವರು ಅಂತ ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಅವರು ಸಿಗಲೇ ಇಲ್ಲ, ಅಥವಾ ತೀರಾ ದೂರವಾಯಿತು ಅಂದುಕೊಳ್ಳಿ. ಆಗ ಹೊಸಬರ ಹತ್ತಿರ ಮೊದಲ ಸಲವೇ ದೊಡ್ಡ ಬದಲಾವಣೆ ಮಾಡಿಸಬೇಡಿ. ಬರೀ ತುದಿ ಟ್ರಿಮ್ ಮಾಡಿಸಿ ಬನ್ನಿ. ಅಷ್ಟರಲ್ಲೇ ತಿಳಿಯುತ್ತದೆ: ಒಣಗಿದ ಕೂದಲನ್ನು ಮುಟ್ಟಿ ನೋಡಿದರಾ, ಏನಾದರೂ ಕೇಳಿದರಾ, ಅಥವಾ ಕೂತ ಕೂಡಲೇ ನೀರು ಚಿಮುಕಿಸಿ ಶುರು ಮಾಡಿದರಾ. ‘ಸ್ವಲ್ಪ’ ಅಂತ ಮಾತ್ರ ಹೇಳಬೇಡಿ, ಬೆರಳಿನಲ್ಲಿ ಅಳತೆ ತೋರಿಸಿ. ಗುಂಗುರು ಕೂದಲಾದರೆ ‘ಒಣಗಿದ ಮೇಲೆ ಎಲ್ಲಿಗೆ ಬರುತ್ತೆ?’ ಅಂತ ಕೇಳಿ, ಯಾಕೆಂದರೆ ಒದ್ದೆಯಲ್ಲಿ ಉದ್ದವಾಗಿ ಕಂಡದ್ದು ಒಣಗಿದಾಗ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ಮೆಷಿನ್ ಹಾಕಿಸುವವರು ಅದಕ್ಕೆ ಸಿಕ್ಕಿಸುವ ಗಾರ್ಡಿನ ನಂಬರ್ ಹೇಳಿದರೆ ಒಳ್ಳೆಯದು. ಸಾಮಾನ್ಯವಾಗಿ 1 ಅಂದರೆ 3 ಮಿ.ಮೀ., 2 ಅಂದರೆ 6 ಮಿ.ಮೀ., 4 ಅಂದರೆ ಸುಮಾರು 13 ಮಿ.ಮೀ. ಉಳಿಯುತ್ತದೆ.

ಫೋಟೋ ತೋರಿಸುವುದಾದರೆ ಸಿನಿಮಾದವರದ್ದು ಬೇಡ, ನಿಮ್ಮದೇ ತೋರಿಸಿ. ಫೋನಿನಲ್ಲಿ ಹಿಂದಕ್ಕೆ ಹೋಗಿ, ಹಳಬರು ಮಾಡಿದ ಕಟ್ ಚೆನ್ನಾಗಿ ಕೂತಿದ್ದ ದಿನಗಳದ್ದನ್ನು ಹುಡುಕಿ. ಸಲೂನಿಂದ ಹೊರಬಿದ್ದ ದಿನ ತೆಗೆದದ್ದಕ್ಕಿಂತ ಒಂದೆರಡು ವಾರ ಕಳೆದಮೇಲಿನದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ದಿನ ಕಾಣುವುದರಲ್ಲಿ ಡ್ರೈಯರ್‌ನ ಪಾಲೇ ಅರ್ಧ.

ಇನ್ನೊಂದು ವಿಷಯ, ಕೂದಲಿನ ಹಳೆಯ ಕಥೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟೇ ಬೆಳೆಯುವುದು. 30 ಸೆಂ.ಮೀ. ಉದ್ದ ಇದೆ ಅಂದರೆ ತುದಿಗೆ ಎರಡು ವರ್ಷಕ್ಕೂ ಮೇಲೆ ವಯಸ್ಸಾಗಿದೆ. ಆಗ ಮಾಡಿಸಿದ ಸ್ಮೂದನಿಂಗು, ಮನೆಯಲ್ಲಿ ಹಚ್ಚಿಕೊಂಡ ಡೈ ಎಲ್ಲವೂ ಅಲ್ಲಿ ಇನ್ನೂ ಇರುತ್ತವೆ. ಮೆಹಂದಿ ಹಚ್ಚುತ್ತಿದ್ದರೆ ಖಂಡಿತ ಹೇಳಿ. ಅಂಗಡಿಯಲ್ಲಿ ಸಿಗುವ ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಲವಣ ಸೇರಿರುತ್ತದೆ. ಅದರ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗುವುದೂ ಉಂಟು. ಹಳಬರಿಗೆ ಇದೆಲ್ಲ ಗೊತ್ತಿತ್ತು, ಹೊಸಬರು ಊಹಿಸಲಿ ಅಂತ ಬಿಡಬೇಡಿ.

ಹಳೆಯ ಸಲೂನ್‌ನಲ್ಲಿ ಮುಂಗಡ ಕಟ್ಟಿದ ಪ್ಯಾಕೇಜ್ ಏನಾದರೂ ಬಾಕಿ ಇದೆಯಾ ನೋಡಿಕೊಳ್ಳಿ. ಆ ದುಡ್ಡು ಸಲೂನ್‌ನ ಖಾತೆಯಲ್ಲಿರುತ್ತದೆ, ಅವರ ಜೊತೆ ಹೊಸ ಜಾಗಕ್ಕೆ ಬರುವುದಿಲ್ಲ. ವಾಪಸ್ ಕೊಡುವುದಿಲ್ಲ ಅಂದರೆ ಹೇರ್ ಸ್ಪಾ, ಹೆಡ್ ಮಸಾಜ್‌ನಂಥ, ಯಾರು ಮಾಡಿದರೂ ನಡೆಯುವ ಕೆಲಸಕ್ಕೆ ಅವಧಿ ಮುಗಿಯುವ ಮುಂಚೆ ಬಳಸಿಕೊಳ್ಳಿ.