ಮಾಲೀಕ ಸರ್ಕಾರವೇ ಆದಾಗ

ಪ್ರಶ್ನೆ: ಅಮೆರಿಕದ ಸಾಹುಕಾರರು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಕೊಂಡರೆ ವ್ಯಾಪಾರ, ಸೌದಿಯವರು ಕೊಂಡರೆ ಆಟದ ಮೂಲಕ ತಮ್ಮ ಸರ್ಕಾರದ ಕಳಂಕ ತೊಳೆಯುವ ಹುನ್ನಾರವೇ? ಹಾಗೆಂದು ವಾದಿಸಿದ ಕಳೆದ ಸಂಚಿಕೆಯ ಲೇಖನದಲ್ಲಿ ಅರಬರ ಮೇಲಿನ ಅಸಹನೆ ಎದ್ದು ಕಾಣುತ್ತಿತ್ತು. ನನ್ನ ಮಗ ದಮ್ಮಾಮಿನಲ್ಲಿ ದುಡಿದು ಕಳಿಸುವ ಹಣದಲ್ಲೇ ನಮ್ಮ ಮನೆ ನಡೆಯುತ್ತಿದೆ.
– ಭಟ್ಕಳದ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಕೊಲ್ಲಿಯಲ್ಲಿ ಬೆವರು ಸುರಿಸಿ ಗಳಿಸಿದ ಹಣ ನಮ್ಮ ಕರಾವಳಿಯ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದೆ. ಅಮೆರಿಕದ ಮಾಲೀಕರೇನೂ ಸಾಚಾಗಳಲ್ಲ. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡ ಗ್ಲೇಜರ್ ಕುಟುಂಬ, ಖರೀದಿಗೆ ಮಾಡಿದ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ನಮ್ಮ ತಕರಾರು ಮಾಲೀಕ ಯಾವ ದೇಶದವನು ಎಂಬುದರ ಬಗ್ಗೆ ಅಲ್ಲ; ಒಂದು ಸರ್ಕಾರವೇ ಮಾಲೀಕನಾದರೆ ಅದನ್ನು ಕೇಳುವವರು ಯಾರು ಎಂಬುದರ ಬಗ್ಗೆ.

ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ಬನ್ನೇ ನೋಡಿ. 2021ರ ಅಕ್ಟೋಬರ್‌ನಲ್ಲಿ ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ ಅದರ ಶೇ. 80ರಷ್ಟು ಪಾಲು ಕೊಂಡಿತು. ನಿಧಿಯ ಅಧ್ಯಕ್ಷರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಆದರೂ ಕ್ಲಬ್ಬಿನ ಮೇಲೆ ಸೌದಿ ಸರ್ಕಾರದ ಹಿಡಿತ ಇರುವುದಿಲ್ಲವೆಂದು ಕಾನೂನುಬದ್ಧ ಭರವಸೆ ಸಿಕ್ಕಿದೆ ಎಂದು ಹೇಳಿ ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಗಾಲ್ಫ್ ವ್ಯಾಜ್ಯವೊಂದು ನಡೆದಾಗ ಇದೇ ನಿಧಿಯ ದಾಖಲೆಗಳನ್ನು ಕೇಳಲಾಯಿತು. ಆಗ ನಿಧಿಯ ವಕೀಲರು ಮಂಡಿಸಿದ ವಾದವೇ ಬೇರೆ: ನಿಧಿ ಸೌದಿ ಪ್ರಭುತ್ವದ ಅಂಗ, ಅದರ ಗವರ್ನರ್ ಯಾಸಿರ್ ಅಲ್-ರುಮಯ್ಯಾನ್ ಹಾಲಿ ಮಂತ್ರಿ, ಹಾಗಾಗಿ ವಿದೇಶಿ ಸರ್ಕಾರಕ್ಕೆ ಕೋರ್ಟಿನಲ್ಲಿ ಸಿಗುವ ವಿನಾಯಿತಿ ಇಬ್ಬರಿಗೂ ಬೇಕು. ಈ ರುಮಯ್ಯಾನ್ ಅವರೇ ನ್ಯೂಕ್ಯಾಸಲ್‌ನ ಅಧ್ಯಕ್ಷರು! ಇಂಗ್ಲೆಂಡಿನಲ್ಲಿ ಸರ್ಕಾರವಲ್ಲ, ಅಮೆರಿಕದಲ್ಲಿ ಸರ್ಕಾರ. ಗ್ಲೇಜರ್‌ಗಳು ಎಷ್ಟೇ ಜಿಪುಣರಾದರೂ ಕೋರ್ಟಿನಲ್ಲಿ ಇಂಥ ರಕ್ಷಣೆ ಕೇಳಲಾರರು.

ನ್ಯೂಕ್ಯಾಸಲ್‌ನ ಅಭಿಮಾನಿಗಳನ್ನು ನಾವು ದೂರುವುದಿಲ್ಲ. 1955ರ ನಂತರ ದೇಶದೊಳಗಿನ ಒಂದು ದೊಡ್ಡ ಕಪ್ಪನ್ನೂ ಕಾಣದ ಊರು, 2025ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಗೆದ್ದು ಲೀಗ್ ಕಪ್ ಎತ್ತಿದಾಗ ಅತ್ತವರ ಕಣ್ಣೀರು ನಿಜವಾದದ್ದೇ. ಆದರೆ ಅದೇ ಇಂಗ್ಲೆಂಡಿನ ಉತ್ತರ ಭಾಗದ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸಲ್ಮಾ ಅಲ್-ಶಹಾಬ್ ರಜೆಗೆಂದು ಸೌದಿಗೆ ಹೋದಾಗ ಬಂಧನಕ್ಕೊಳಗಾದರು. ಟ್ವೀಟ್‌ಗಳ ಕಾರಣಕ್ಕೆ 2022ರಲ್ಲಿ ಅವರಿಗೆ ವಿಧಿಸಿದ ಶಿಕ್ಷೆ 34 ವರ್ಷ. ಮುಂದೆ ಅದು ಕಡಿಮೆಯಾಯಿತು, ಅವರು ಹೊರಗೂ ಬಂದರು. ಇಬ್ಬರು ಚಿಕ್ಕ ಮಕ್ಕಳ ತಾಯಿ ಅವರು. ಕಪ್ ಗೆದ್ದ ಸಂಭ್ರಮದಲ್ಲಿ ಇಂಥವರ ಹೆಸರು ಮರೆತುಹೋಗಲೆಂಬುದೇ ಈ ಹೂಡಿಕೆಯ ಉದ್ದೇಶ ಎಂದು ನಮ್ಮ ಲೇಖನ ಹೇಳಿತ್ತು. ಆ ಮಾತಿಗೆ ನಾವು ಈಗಲೂ ಬದ್ಧ.

2034ರ ಫುಟ್‌ಬಾಲ್ ವಿಶ್ವಕಪ್ ಕೂಡ ಸೌದಿಗೇ ಹೋಗಿದೆ. ಅದನ್ನು ನಡೆಸಲು ಆಸಕ್ತಿ ತೋರಿಸುವುದಕ್ಕೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೊಟ್ಟ ಗಡುವು ನಾಲ್ಕು ವಾರಕ್ಕೂ ಕಡಿಮೆ. ಕಣದಲ್ಲಿ ಉಳಿದದ್ದು ಒಂದೇ ದೇಶ. 2024ರ ಡಿಸೆಂಬರ್ 11ರಂದು ಪ್ರತಿನಿಧಿಗಳು ಚಪ್ಪಾಳೆ ತಟ್ಟಿ ಒಪ್ಪಿದರು. ಅದಕ್ಕೂ ಮುಂಚೆ, ಅದೇ ವರ್ಷದ ಏಪ್ರಿಲ್‌ನಲ್ಲಿ, ಸೌದಿಯ ತೈಲ ಕಂಪನಿ ಅರಾಮ್ಕೊ ಫಿಫಾದ ಪ್ರಾಯೋಜಕನಾಗಿತ್ತು.

ಅಲ್ಲಿ ಹೊಸ ಕ್ರೀಡಾಂಗಣಗಳನ್ನು ಕಟ್ಟುವ ಕೈಗಳಲ್ಲಿ ಭಾರತದವರದ್ದೂ ಇರುತ್ತವೆ. ಅವರ ಸಂಬಳ, ಬಿಸಿಲಿನ ಹೊತ್ತಿನ ಕೆಲಸ, ಮಾಲೀಕನ ಕೈಯಲ್ಲಿ ಉಳಿದುಬಿಡುವ ಪಾಸ್‌ಪೋರ್ಟ್, ಇವುಗಳ ಬಗ್ಗೆ ಮುಂದಿನ ಸಂಚಿಕೆಗಳಲ್ಲಿ ಬರೆಯಲಿದ್ದೇವೆ. ನಿಮ್ಮ ಮಗನಿಗಾಗಲಿ ಅವರ ಜೊತೆಗಾರರಿಗಾಗಲಿ ಹೇಳುವುದೇನಾದರೂ ಇದ್ದರೆ ದಯವಿಟ್ಟು ಬರೆಯಿಸಿ. ಹೆಸರು, ಊರು, ಕಂಪನಿ ಯಾವುದನ್ನೂ ಅಚ್ಚು ಹಾಕುವುದಿಲ್ಲ.